ಒಂದೇ ಕಾಲುವೆಯ ಎರಡು ಗದ್ದೆ

ಬುಧವಾರ ಬೆಳಿಗ್ಗೆ ಎಂಟಕ್ಕೆ ಮಹದೇವು ಶ್ರೀರಾಂಪುರದ ಮಗನ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಪಂಚೆಯ ಮಡಿಕೆಯಿಂದ ಮಾತ್ರೆ ಶೀಟು ತೆಗೆದು ನೋಡಿದ. ಹತ್ತರಲ್ಲಿ ನಾಲ್ಕು ಉಳಿದಿದ್ದವು. ಒಳಗೆ ಮಗ ರಾಜೇಶ ಆಟೋದವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ. ಹನ್ನೊಂದು ಗಂಟೆಗೆ ಜಯಲಕ್ಷ್ಮಿಪುರಂನಲ್ಲಿ ಡಾಕ್ಟರು ವಸಂತಮ್ಮನನ್ನು ನೋಡುತ್ತಾರೆ. ನೋಡಿ ಒಂದು ಕಾಗದ ಬರೆದುಕೊಟ್ಟರೆ, ಮರೆವಿನವರನ್ನು ಇಟ್ಟುಕೊಳ್ಳುವ ಆಶ್ರಮವೊಂದಕ್ಕೆ ಶುಕ್ರವಾರ ಅವಳನ್ನು ಬಿಟ್ಟುಬರುವುದೆಂದು ರಾಜೇಶ ಮಾತಾಡಿ ಆಗಿತ್ತು. ಐವತ್ತೆರಡು ವರ್ಷ ಒಂದೇ ಚಾಪೆಯ ಮಗ್ಗುಲಲ್ಲಿ ಮಲಗಿದವಳು, ಶುಕ್ರವಾರ ಸಂಜೆಯಿಂದ ಇರುವುದಿಲ್ಲ.

ಮಾತ್ರೆ ಕೊಡಬೇಕೋ ಬೇಡವೋ ಎಂದು ಅವನು ಯೋಚಿಸಲಿಲ್ಲ. ಡಾಕ್ಟರ ಮುಂದೆ ಅವಳ ಸೀರೆ ಒದ್ದೆಯಾದರೆ ಏನು ಗತಿ ಎಂದಷ್ಟೇ ಯೋಚಿಸಿ, ಒಂದರ ಬದಲು ಎರಡು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದ.

ವಸಂತಮ್ಮ ಮಂಚದ ಮೇಲೆ ಕೂತು ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದಳು. ಎರಡು ಬೆರಳು ಸೇರಿಸಿ ಹಿಡಿಯುವುದು, ಕೊಡವುವುದು, ಮತ್ತೆ ಹಿಡಿಯುವುದು.

"ಬಾಯಿ ತೆಗಿಯಮ್ಮಿ," ಎಂದ ಮಹದೇವು.

"ನೀನ್ಯಾರಪ್ಪ? ನಮ್ಮೋರು ಕಾಲುವೆ ತಾವ್ಕೆ ಹೋಗವ್ರೆ. ಬಂದ್ಮೇಲೆ ಬಾ."

"ನಾನೇ ಕಣೇ ಕಾಲುವೆಯಿಂದ ಬಂದಿರೋನು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಿಕೆ ಬರಲಿಲ್ಲ. ಆದರೂ ಬಾಯಿ ತೆರೆದಳು. ನಾಲಿಗೆ ಬೇಸಿಗೆಯ ಕೆರೆಯಂಗಳದ ಹಾಗೆ ಒಣಗಿ ಬಿರುಕುಬಿಟ್ಟಿತ್ತು.

ಮಹದೇವು ಅವನ ಕಾಲಕ್ಕೆ ಊರಿನ ನೀರುಗಂಟಿ. ನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತೊಂದು ವರ್ಷ, ಹೆಗಲಿಗೆ ಗುದ್ದಲಿ ಹಾಕಿಕೊಂಡು ಕಾಲುವೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿದವನು. ಆ ಕೆಲಸದಲ್ಲಿ ಅನುಮಾನ ತಪ್ಪಿದ್ದಲ್ಲ. "ಅವನಿಗೆ ಜಾಸ್ತಿ ಬುಟ್ಟೆ" ಎಂದು ಯಾರಾದರೂ ಜಗಳಕ್ಕೆ ನಿಂತರೆ, ಮಹದೇವು ಏರಿಯ ಮೇಲೆ ಅಂಗೈಯಲ್ಲಿ ಕರ್ಪೂರ ಹತ್ತಿಸಿ, ಮಲೆಯ ಮಾದಪ್ಪನ ಹೆಸರು ಹೇಳಿ, ಬಿಡಲಿಲ್ಲ ಎಂದು ಒಂದು ಮಾತು ಆಡುತ್ತಿದ್ದ. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಅವನ ಅಂಗೈಯಲ್ಲಿ ಇಂದಿಗೂ ಸುಟ್ಟ ಕಲೆಗಳಿವೆ. ಆಣೆ ಎಂದರೆ ಅವನಿಗೆ ಬಾಯಿಮಾತಲ್ಲ, ಚರ್ಮ.

ಎರಡು ವರ್ಷದ ಹಿಂದೆ ವಸಂತಮ್ಮನಿಗೆ ಮರೆವು ಶುರುವಾಯಿತು. ಮೊದಲು ಉಪ್ಪು ಎರಡು ಸಲ ಹಾಕುವುದು, ಆಮೇಲೆ ಸೊಸೆಯ ಹೆಸರು ತಪ್ಪುವುದು, ಆಮೇಲೆ ಬೀದಿ ತಪ್ಪುವುದು. ಕಳೆದ ದೀಪಾವಳಿಯ ಹೊತ್ತಿಗೆ ಡಾಕ್ಟರ್ ಶುಭಾ ಎಂಬುವರು ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಒಂದು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಅವಳು ಮೊಮ್ಮಗಳು ಅಪೂರ್ವಳನ್ನು ಹೆಸರು ಹಿಡಿದು ಕರೆದಳು, ಸಾರಿಗೆ ಹದವಾಗಿ ಉಪ್ಪು ಹಾಕಿದಳು, ಸೋಮವಾರದ ಪೂಜೆಗೆ ತಾನೇ ಹೂ ಕಟ್ಟಿದಳು. ಮಹದೇವು ಮಾದಪ್ಪನ ಪಟದ ಮುಂದೆ ಅಡ್ಡಬಿದ್ದ.

ಸಂಕ್ರಾಂತಿ ಕಳೆದ ಒಂದು ಸೋಮವಾರ, ಪೂಜೆಗೆ ಕೂತಿದ್ದವಳು ಮಂಗಳಾರತಿಯ ಹೊತ್ತಿಗೆ ಏಳಲೇ ಇಲ್ಲ. ಎಲ್ಲರೂ ಪ್ರಸಾದ ತಿಂದು ಹೋದರೂ ಏಳಲಿಲ್ಲ. ಮಹದೇವು ಹತ್ತಿರ ಹೋದಾಗ ಅವಳ ಕಣ್ಣು ತುಂಬಿತ್ತು. ಚಾಪೆ ಒದ್ದೆಯಾಗಿತ್ತು.

"ದೇವ್ರ ಮುಂದೆ ಇಂಗಾಗೋಯ್ತಲ್ರೀ," ಎಂದಳು. "ತಡ್ಕೊಳೋಣ ಅನ್ನೋವಷ್ಟರಲ್ಲಿ ಆಗ್ಬುಡ್ತದೆ. ಮೂರ್ನಾಕು ಸಲ ಆಯ್ತು."

"ಡಾಕ್ಟ್ರಿಗೆ ಹೇಳೋಣ ಬುಡು."

ಅವಳು ಆರತಿ ತಟ್ಟೆಯನ್ನೇ ಎಳೆದುಕೊಂಡು ಹೊಸ ಕರ್ಪೂರ ಹಚ್ಚಿದಳು. "ಮುಟ್ಟಿ. ಮಾದಪ್ಪನ ಮೇಲೆ ಆಣೆ ಮಾಡಿ. ಇದು ನಮ್ಮಿಬ್ಬರಲ್ಲೇ ಇರ್ಬೇಕು. ರಾಜೇಸಂಗೆ ಹೇಳಕೂಡ್ದು, ಸೊಸೆಗೆ ಹೇಳಕೂಡ್ದು, ಡಾಕ್ಟ್ರಿಗೂ ಹೇಳಕೂಡ್ದು."

"ಡಾಕ್ಟ್ರಿಗೂ ಬ್ಯಾಡ್ವಾ?"

"ಡಾಕ್ಟ್ರು ಕೇಳೋದು ಮಗನ ಮುಂದೇನೇ ಅಲ್ವಾ? ಗಂಡ್ಮಗನ ಮುಂದೆ ನನ್ನ ಮಾನ ಹೋಗ್ಬೇಕಾ?"

ಅವನು ಉರಿಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಆಣೆ ಮಾಡಿದವನಿಗೆ ಸುಮ್ಮನೆ ಇರಲಾಗಲಿಲ್ಲ. ಮೂರು ವರ್ಷದ ಹಿಂದೆ ಅವನಿಗೇ ಪದೇಪದೇ ಮೂತ್ರಕ್ಕೆ ಓಡುವ ತೊಂದರೆಯಾಗಿ ಆಸ್ಪತ್ರೆಯಲ್ಲಿ ಒಂದು ಮಾತ್ರೆ ಬರೆದಿದ್ದರು. ಬಾಯಿ ಒಣಗುತ್ತದೆಂದು ಅವನು ನುಂಗುವುದನ್ನು ಬಿಟ್ಟಿದ್ದ. ಆ ಚೀಟಿ ಹುಡುಕಿ ತೆಗೆದು ಮೆಡಿಕಲ್ ಶಾಪಿಗೆ ಹೋದ. ಅಂಗಡಿಯ ದೊರೆಸ್ವಾಮಿ ಚೀಟಿಯ ಮೇಲಿನ ಹೆಸರು ನೋಡಿ, "ಏನಜ್ಜ, ಮತ್ತೆ ಶುರುವಾಯ್ತಾ ನಿಮ್ಮ ಓಟ?" ಎಂದು ನಗುತ್ತಾ ಒಂದು ಶೀಟು ಕೊಟ್ಟ; ಆಮೇಲೆ ಮುಗಿದಾಗಲೆಲ್ಲ ಇನ್ನೊಂದು ಕೊಡುತ್ತಿದ್ದ. ಮಹದೇವು ಹೌದೆಂದು ತಲೆಯಾಡಿಸಿದ. ನೀರು ಹೆಚ್ಚಾದ ಗದ್ದೆಯ ಮಡೆಗೆ, ಅಂದರೆ ಅದಕ್ಕೆ ನೀರು ನುಗ್ಗುವ ಕಿಂಡಿಗೆ, ಒಂದು ಹೆಂಟೆ ಮಣ್ಣು ಒತ್ತಿದಷ್ಟೇ ಸಲೀಸು ಅನ್ನಿಸಿತು ಅವನಿಗೆ. ದಿನಕ್ಕೆ ಒಂದರಿಂದ ಸೋರುವುದು ಅರ್ಧ ನಿಂತಿತು. ಎರಡಕ್ಕೆ ಪೂರ್ತಿ ನಿಂತಿತು. ವಸಂತಮ್ಮ ಒಣ ಸೀರೆಯಲ್ಲಿ ದೇವರ ಮುಂದೆ ಕೂತಳು. ಶಿವರಾತ್ರಿ ಹತ್ತಿರ ಬಂದಾಗ, ಇರಲಿ ಎಂದು ಅವನು ಮೂರು ಮಾಡಿದ.

ಆ ಮೇಲೆಯೇ ಅವಳು ಇಳಿಯತೊಡಗಿದ್ದು. ಒಂದು ವಾರ ನಿದ್ದೆಯಿಲ್ಲ, ಮಲ ಕಟ್ಟಿತು, ಕಣ್ಣು ಮಂಜಾಯಿತು. ಆಮೇಲೆ ಗೋಡೆಯ ಮೇಲೆ ಇರುವೆಗಳು ಕಂಡವು, ಆಮೇಲೆ ಅನ್ನದಲ್ಲಿ. ಕಾಯಿಲೆ ಜೋರಾಯಿತು ಎಂದರು ಎಲ್ಲರೂ. ಮಹದೇವು ಹಾಗೇ ಅಂದುಕೊಂಡ. ಕಳೆದ ಭಾನುವಾರ ಸೊಸೆ ಬಿಂದುಶ್ರೀ ಅಡುಗೆಮನೆಯಿಂದ ಓಡಿಬಂದು ನೋಡಿದರೆ, ವಸಂತಮ್ಮ ನಾಲ್ಕು ವರ್ಷದ ಅಪೂರ್ವಳನ್ನು ಮೂಲೆಗೆ ಒತ್ತಿ ಹಿಡಿದು, ಒರಟು ಗೋಣಿಬಟ್ಟೆಯಿಂದ ಮಗುವಿನ ಮುಖವನ್ನು ಉಜ್ಜುತ್ತಿದ್ದಳು. "ಮಗೀನ ಮಕದ ತುಂಬಾ ಇರುವೆ ಕಣವ್ವ, ಬಿಡ್ಸು, ಬಿಡ್ಸು," ಎಂದು ಅಳುತ್ತಿದ್ದಳು. ಮಗುವಿನ ಕೆನ್ನೆಯ ಚರ್ಮ ಕಿತ್ತು ರಕ್ತ ಒಸರುತ್ತಿತ್ತು.

ಸೋಮವಾರ ರಾಜೇಶ ಹೆಬ್ಬಾಳದ ಫ್ಯಾಕ್ಟರಿಗೆ ರಜೆ ಹಾಕಿ ಆಶ್ರಮಕ್ಕೆ ಹೋಗಿಬಂದ.

"ನಾನೇನು ಸಂತೋಷಕ್ಕೆ ಮಾಡ್ತಿದೀನೇನಪ್ಪ?" ಎಂದ ಅಪ್ಪನಿಗೆ. "ನಾನು ಶಿಫ್ಟಿಗೆ ಹೋದ್ರೆ ಬಿಂದು ಒಬ್ಳೇ. ಕಣ್ಣಿಗೆ ಏನಾದ್ರೂ ಆಗಿದ್ರೆ ಮಗೂಗೆ?"

ಮಗುವಿನ ಕೆನ್ನೆಯನ್ನು ಮಹದೇವುವೂ ನೋಡಿದ್ದ.

ಕ್ಲಿನಿಕ್ಕಿನಲ್ಲಿ ಅವರ ಸರದಿ ಬಂದಾಗ ಹನ್ನೊಂದೂವರೆ. ಡಾಕ್ಟರ್ ಶುಭಾ ಮುಗುಳ್ನಕ್ಕು, "ಏನು ವಸಂತಮ್ಮ, ಚೆನ್ನಾಗಿದೀರಾ?" ಎಂದರು. ವಸಂತಮ್ಮ ಅವರ ಬಿಳಿಕೋಟಿನ ತೋಳಿನಿಂದ ಇರುವೆ ಹೆಕ್ಕಲು ಕೈಚಾಚಿದಳು. ಡಾಕ್ಟರ ನಗು ನಿಂತಿತು. ನಾಡಿ ಹಿಡಿದರು. ಕಣ್ಣಿಗೆ ಟಾರ್ಚು ಬಿಟ್ಟರು. ನಾಲಿಗೆ ಚಾಚಿಸಿದರು. ಮತ್ತೊಮ್ಮೆ ಕಣ್ಣು ನೋಡಿದರು.

"ರಾಜೇಶ್, ಜನವರಿಯಲ್ಲಿ ಇವರು ನನಗೆ ಮೊಮ್ಮಗಳ ಹೆಸರು ಹೇಳಿದ್ರು. ಎರಡು ತಿಂಗಳಲ್ಲಿ ಈ ಥರ ಆಗೋ ಕಾಯಿಲೆ ಅಲ್ಲ ಇದು. ಇದು ಇಳಿಜಾರು, ಬಾವಿ ಅಲ್ಲ. ನಾನು ಕೊಟ್ಟ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದಾರಾ? ನಾಟಿ ಔಷಧಿ, ನೆಗಡಿ ಮಾತ್ರೆ, ನಿದ್ದೆ ಮಾತ್ರೆ?"

"ಏನೂ ಇಲ್ಲ ಮೇಡಂ."

ಮಹದೇವು ಮೂಲೆಯ ಕುರ್ಚಿಯಲ್ಲಿದ್ದ. ಅವನನ್ನು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಸುಮ್ಮನಿರುವುದು ಸುಳ್ಳಲ್ಲ ಎಂದುಕೊಂಡ.

"ಇವರು ಯಾವಾಗ ಚೇತರಿಸಿಕೊಂಡ್ರೋ ಆಗ ಏನಾಗಿತ್ತು ಅಂದ್ರೆ," ಡಾಕ್ಟರು ಹೇಳಿದರು, "ಮೆದುಳಿನಲ್ಲಿ ಒಂದು ನರದಿಂದ ಇನ್ನೊಂದು ನರಕ್ಕೆ ಸುದ್ದಿ ಒಯ್ಯೋದಕ್ಕೆ ಒಂದು ರಸ ಇರುತ್ತೆ. ಅಸಿಟೈಲ್‌ಕೋಲಿನ್ ಅಂತ ಅದರ ಹೆಸರು. ವಯಸ್ಸಾದ ಹಾಗೆ ಎಲ್ಲರಿಗೂ ಸ್ವಲ್ಪ ಕಮ್ಮಿ ಆಗುತ್ತೆ, ಈ ಕಾಯಿಲೇಲಿ ತುಂಬಾ ಕಮ್ಮಿ ಆಗುತ್ತೆ. ನನ್ನ ಮಾತ್ರೆ ಹೊಸದಾಗಿ ಏನೂ ತಂದು ಸುರಿಯಲ್ಲ. ಇರೋ ಸ್ವಲ್ಪ ರಸ ಬೇಗ ಕರಗಿಹೋಗದ ಹಾಗೆ ತಡೆಯುತ್ತೆ, ಅಷ್ಟೇ."

ಮಹದೇವು ತಲೆಯೆತ್ತಿದ. ಈ ಮಾತು ಅವನಿಗೆ ಗೊತ್ತಿರುವ ಮಾತಾಗಿತ್ತು. ನಾಲೆಯಲ್ಲಿ ನೀರು ಇಳಿದ ವರ್ಷ ಅವನು ಮಾಡುತ್ತಿದ್ದುದೂ ಅದನ್ನೇ: ಹೊಸ ನೀರು ತರಲಾಗದಿದ್ದಾಗ, ಕೆಳಗೆ ಒಡ್ಡು ಕಟ್ಟಿ, ಇರುವುದನ್ನು ಕೊನೆಯ ಗದ್ದೆಯವರೆಗೆ ನಿಲ್ಲಿಸುವುದು.

"ಆ ರಸ ಮೆದುಳಿಗೆ ಮಾತ್ರ ಅಲ್ಲ," ಡಾಕ್ಟರು ಮುಂದುವರಿಸಿದರು. "ಬಾಯಿಯ ಜೊಲ್ಲಿಗೆ, ಕರುಳಿಗೆ, ಮೂತ್ರಕೋಶಕ್ಕೂ ಅದೇ. ಇವರಿಗೆ ಬಾಯಿ ಒಣಗಿದೆ, ಕಣ್ಣುಗುಡ್ಡೆ ಅರಳಿದೆ, ನಾಡಿ ಓಡ್ತಿದೆ. ಯಾರೋ ಎಲ್ಲ ಕಡೆಯೂ ಅದನ್ನ ತಡೆದು ನಿಲ್ಲಿಸಿರೋ ಹಾಗಿದೆ. ಆದ್ರೆ ನೀವು ಏನೂ ಇಲ್ಲ ಅಂತೀರಿ. ರಕ್ತ, ಮೂತ್ರ ಪರೀಕ್ಷೆ ಮಾಡ್ಸೋಣ. ಅದರಲ್ಲೂ ಏನೂ ಸಿಗಲಿಲ್ಲ ಅಂದ್ರೆ ಕಾಯಿಲೆಯೇ ಅಂತ ಒಪ್ಪಿಕೊಳ್ಳಬೇಕಾಗುತ್ತೆ."

"ಕಾಗದ, ಮೇಡಂ?" ಎಂದ ರಾಜೇಶ, ಧ್ವನಿ ತಗ್ಗಿಸಿ. "ಶುಕ್ರವಾರ ಅಂದವ್ರೆ. ತಪ್ಪಿದ್ರೆ ಬೇರೆಯವರಿಗೆ ಹೋಗ್ಬುಡುತ್ತೆ ಆ ಜಾಗ. ಮನೇಲಿ ಮಗು ಇದೆ."

ಡಾಕ್ಟರು ವಸಂತಮ್ಮನ ಕಡೆ ಇನ್ನೊಮ್ಮೆ ನೋಡಿ, ಪೆನ್ನು ತೆಗೆದುಕೊಂಡರು.

ಮಹದೇವು ಡಾಕ್ಟರ ಮಾತನ್ನೇ ಮತ್ತೆ ಹೇಳಿಕೊಂಡ. ಮೂತ್ರಕೋಶಕ್ಕೂ ಅದೇ. ಒಂದೇ ಕಾಲುವೆ. ಮೇಲಿನ ಗದ್ದೆ ತಲೆಯಲ್ಲಿ, ಕೆಳಗಿನ ಗದ್ದೆ ಒಡಲಲ್ಲಿ. ಕೆಳಗಿನ ಗದ್ದೆ ತುಂಬಿ ಹರಿಯಿತೆಂದು ಅವನು ಮುಚ್ಚಿದ್ದು ಆ ಗದ್ದೆಯ ಮಡೆಯನ್ನಲ್ಲ, ಇಡೀ ಕಾಲುವೆಯ ತೂಬನ್ನು. ಮೂವತ್ತೊಂದು ವರ್ಷ ಒಂದು ಸಲವೂ ಮಾಡದ ತಪ್ಪನ್ನು ಸ್ವಂತ ಹೆಂಡತಿಯ ಮೈಯಲ್ಲಿ ಮಾಡಿದ್ದ.

ಆದರೆ ಕರ್ಪೂರದ ಮೇಲೆ ಕೈಯಿಟ್ಟಿದ್ದ. ಆಣೆ ಮುರಿದವನು ಮಾದಪ್ಪನ ಆರತಿ ತಟ್ಟೆ ಮುಟ್ಟುವಂತಿಲ್ಲ. ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಒಪ್ಪಿಸುವವರೆಗೂ ಅವನ ಬಾಯಿಗೆ ಬೆಲೆಯಿಲ್ಲ. ಅದನ್ನಾದರೂ ತಡೆದುಕೊಂಡಾನು. ಅವಳು ಇಲ್ಲೇ ಕೂತಿದ್ದಾಳೆ, ಮಗನ ಪಕ್ಕದಲ್ಲಿ. ಯಾವ ಒಂದು ನಾಚಿಕೆಯನ್ನು ಕಾಪಾಡು ಎಂದು ಅವಳು ಕೇಳಿಕೊಂಡಳೋ ಅದನ್ನು ಅವಳ ಮುಂದೆಯೇ ಬಿಚ್ಚಬೇಕು. ಸ್ವಾಮೀ, ನೀನೇ ಹೇಳು ಎಂದು ಕಣ್ಣು ಮುಚ್ಚಿದ. ಡಾಕ್ಟರ ಪೆನ್ನು ಕಾಗದದ ಮೇಲೆ ಓಡುವ ಸದ್ದು ಮಾತ್ರ ಕೇಳುತ್ತಿತ್ತು.

"ಡಾಕ್ಟ್ರಮ್ಮಾ, ನಿಲ್ಸಿ."

ಎಲ್ಲರೂ ತಿರುಗಿದರು. ಮಹದೇವು ಎದ್ದು ನಿಂತಿದ್ದ. ಮಡಿಕೆಯಿಂದ ಶೀಟು ತೆಗೆದು ಮೇಜಿನ ಮೇಲಿಟ್ಟ.

"ನಾನ್ ಕೊಡ್ತಿದ್ದೆ ಕಣ್ರವ್ವ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಇವತ್ತು ಎರಡು ಒಟ್ಟಿಗೇ ಕೊಟ್ಟೆ. ಅವಳಿಗೆ ಒಂದಾ ನಿಲ್ತಿರ್ಲಿಲ್ಲ. ಬಟ್ಟೆ ಒದ್ದೆ ಆಗ್ತಿತ್ತು. ಯಾರ್ಗೂ ಹೇಳ್ಬ್ಯಾಡಿ ಅಂತ ಆಣೆ ಹಾಕಿಸ್ಕೊಂಡಿದ್ಲು. ಹೇಳ್ಬುಟ್ಟೆ."

ಡಾಕ್ಟರು ಶೀಟು ತಿರುಗಿಸಿ ಹೆಸರು ಓದಿದರು. ಪೆನ್ನು ಕೆಳಗಿಟ್ಟರು.

ರಾಜೇಶನ ಮುಖ ಕೆಂಪಾಯಿತು. "ಎಷ್ಟು ದಿನದಿಂದ? ಅಪ್ಪಾ, ಎಷ್ಟು ದಿನದಿಂದ ಕೊಡ್ತಿದೀಯ? ಮಗು ಮುಖ ನೋಡ್ಕೊಂಡೂ ಸುಮ್ನಿದ್ಯಾ? ಕೈಯಾರೆ ವಿಷ ಹಾಕ್ದಂಗಾಯ್ತಲ್ಲ!"

"ಬಯ್ಯಬೇಡಿ," ಎಂದರು ಡಾಕ್ಟರು. "ನನ್ನದೂ ತಪ್ಪಿದೆ. ಸೋರಿಕೆ ಶುರುವಾಗೋದಕ್ಕೆ ನಾನು ಕೊಟ್ಟ ಮಾತ್ರೆಯೇ ಕಾರಣ ಇರಬಹುದು, ಕೆಲವರಿಗೆ ಆಗುತ್ತೆ. ಮೊದಲೇ ನಾನೇ ಬಾಯಿಬಿಟ್ಟು ಕೇಳಬೇಕಿತ್ತು. ನನ್ನ ಮಾತ್ರೆ ಬಾಗಿಲು ತೆರೆದಿಡೋದು, ಈ ಮಾತ್ರೆ ಅಗುಳಿ ಹಾಕೋದು. ಎರಡೂ ಒಂದೇ ಮೈಯೊಳಗೆ." ಬರೆಯುತ್ತಿದ್ದ ಕಾಗದವನ್ನು ಅರ್ಧಕ್ಕೆ ಮಡಿಸಿದರು. "ಇದನ್ನ ಇವತ್ತೇ ನಿಲ್ಲಿಸಿ. ಪರೀಕ್ಷೆ ಹೇಗಿದ್ರೂ ಮಾಡ್ಸಿ. ಹದಿನೈದು ದಿನ ನೋಡೋಣ. ಪೂರ್ತಿ ವಾಪಸ್ ಬರ್ತಾರೆ ಅಂತ ಮಾತು ಕೊಡಲ್ಲ. ಹಳೇ ಕಾಯಿಲೆ ಇದ್ದೇ ಇದೆ, ಅದು ವಾಸಿ ಆಗೋದಲ್ಲ. ಎಷ್ಟು ಬರ್ತಾರೋ ನೋಡಬೇಕು."

"ಬರ್ದೇ ಇದ್ರೆ?" ಎಂದ ರಾಜೇಶ.

"ಬರದೇ ಇದ್ರೆ ಕಾಗದ ಬರ್ಕೊಡ್ತೀನಿ."

ಮಹದೇವು ಹೆಂಡತಿಯ ಕಡೆ ನೋಡಿದ. ಅವಳು ಇರುವೆ ಹೆಕ್ಕುವುದನ್ನು ನಿಲ್ಲಿಸಿದ್ದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯತ್ತ ತಿರುಗಿ ಕೂತಿದ್ದಳು. ಅರ್ಥವಾಗಿತ್ತೋ ಇಲ್ಲವೋ ಹೇಳುವವರಿಲ್ಲ.

ಆಶ್ರಮದವರು ತಿಂಗಳ ಕೊನೆಯವರೆಗೆ ಜಾಗ ಇಟ್ಟುಕೊಳ್ಳಲು ಒಪ್ಪಿದರು. ಪರೀಕ್ಷೆಗಳಲ್ಲಿ ಬೇರೇನೂ ಕಾಣಲಿಲ್ಲ. ಮನೆಯಲ್ಲಿ ಬಿಂದುಶ್ರೀ ಮಂಚಕ್ಕೆ ರಬ್ಬರ್ ಶೀಟು ಹಾಸಿದಳು, ಅಪೂರ್ವಳ ಕೋಣೆಗೆ ಚಿಲಕ ಹಾಕಿದಳು. ರಾಜೇಶ ಅಪ್ಪನೊಡನೆ ಊಟಕ್ಕೆ ಕೂರುವುದನ್ನು ಬಿಟ್ಟ. ಮಹದೇವು ದೇವರ ಮೂಲೆಗೆ ಹೋಗಲಿಲ್ಲ. ಬೆಳಿಗ್ಗೆ ಸಂಜೆ ಹೊಸ್ತಿಲಾಚೆ ನಿಂತು ಪಟದತ್ತ ಕೈಮುಗಿದು, ಕೇಳಿಕೊಳ್ಳುವುದಕ್ಕೂ ಅಧಿಕಾರವಿಲ್ಲದವನ ಹಾಗೆ ತಲೆ ತಗ್ಗಿಸಿ ಹಿಂದೆ ಸರಿಯುತ್ತಿದ್ದ.

ಎರಡು ದಿನ ಏನೂ ಬದಲಾಗಲಿಲ್ಲ. ಮೂರನೆಯ ದಿನ ಸೀರೆ ಒದ್ದೆಯಾಯಿತು. ಮಹದೇವು ಅದನ್ನು ಹಿತ್ತಲ ಕಲ್ಲಿನ ಮೇಲೆ ಹಾಕಿ ಒಗೆದ. ಪಕ್ಕದ ಮನೆಯ ಪವಿತ್ರ ಕಾಂಪೌಂಡಿನ ಆಚೆಯಿಂದ ನೋಡಿ, "ಏನ್ ತಾತ, ಅಜ್ಜಿ ಸೀರೆ ನೀವ್ ಒಗೀತಿದೀರಾ?" ಎಂದು ಕೇಳಿದಾಗ, "ಊ ಕಣವ್ವ, ಅವಳು ನಂದು ಐವತ್ತು ವರ್ಷ ಒಗ್ದವ್ಳೆ," ಎಂದು ಹಿಂಡಿ ಹರವಿದ. ಐದನೆಯ ದಿನ ನಾಲಿಗೆ ತೇವವಾಯಿತು, ಇರುವೆಗಳು ಕಡಿಮೆಯಾದವು. ಆರನೆಯ ದಿನ ಅವಳು ಮಧ್ಯಾಹ್ನವೆಲ್ಲ ನಿದ್ದೆ ಮಾಡಿ ಎದ್ದು, "ಅಪೂರ್ವ ಸ್ಕೂಲಿಂದ ಬಂದ್ಲಾ?" ಎಂದಳು. ಮಹದೇವು ಓಡಿಹೋಗಿ ಸೊಸೆಯನ್ನು ಕರೆದುಕೊಂಡು ಬರುವಷ್ಟರಲ್ಲಿ ಅವಳು ಮತ್ತೆ ಅವನನ್ನು ಯಾರೆಂದು ಕೇಳಿದಳು.

"ಆಸೆ ಇಟ್ಕೋಬ್ಯಾಡಿ ಮಾವ," ಎಂದಳು ಬಿಂದುಶ್ರೀ, ಮೆಲ್ಲಗೆ.

ಎಂಟನೆಯ ದಿನವೂ ಹಾಗೇ ಕಳೆಯಿತು. ತಿಂಗಳು ಮುಗಿಯಲು ಐದೇ ದಿನ ಇತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಮಹದೇವು ಕಾಫಿ ಲೋಟ ಹಿಡಿದು ಹೋದಾಗ ವಸಂತಮ್ಮ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಕಣ್ಣು ತಿಳಿಯಾಗಿತ್ತು. ಅವನನ್ನೇ ನೋಡುತ್ತಿದ್ದಳು.

"ಇಡಿ ಕೆಳಗೆ."

ಅವನು ಲೋಟ ಕೆಳಗಿಟ್ಟ.

"ಕರ್ಪೂರ ಮುಟ್ಟಿದ್ರಿ."

ಅವನು ಅಂಗೈಯ ಕಲೆ ನೋಡಿಕೊಂಡ.

"ಕರ್ಪೂರ ಮುಟ್ಟಿ, ಮಾದಪ್ಪನ ಹೆಸರು ಹೇಳಿ, ಯಾರ್ಗೂ ಹೇಳಲ್ಲ ಅಂದಿದ್ರಿ. ಆ ಡಾಕ್ಟ್ರಮ್ಮನ್ ಮುಂದೆ ಎದ್ದು ನಿಂತ್ಕಂಡು, ಮಗ ಕೂತವ್ನೆ, ನಾನ್ ಕೂತಿವ್ನಿ, ಒಂದಾ ನಿಲ್ಲಲ್ಲ ಅಂದ್ರಲ್ರೀ! ಊರೋರ ಜಗಳ ತೀರ್ಸಕ್ಕೆ ಕೈ ಸುಟ್ಕಂಡ್ ಬರ್ತಿದ್ರಿ, ಹೆಂಡ್ತಿ ಮಾತಿಗೆ ನಾಲಿಗೆ ನಿಲ್ನಿಲ್ವಾ? ಒಳ್ಳೆ ಗಂಡ್ಸು! ಒಳ್ಳೆ ನೀರುಗಂಟಿ!"

ಅವಳ ಧ್ವನಿ ಏರಿತು. ಒಂದೊಂದು ಮಾತೂ ಸರಿಯಾಗಿತ್ತು, ಒಂದೊಂದೂ ಅದರದರ ಜಾಗದಲ್ಲಿತ್ತು. ಅಡುಗೆಮನೆಯಿಂದ ಬಿಂದುಶ್ರೀ ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ, ಹಲ್ಲುಜ್ಜುತ್ತಿದ್ದ ರಾಜೇಶ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಬಂದ. ಮಹದೇವು ಬೈಸಿಕೊಳ್ಳುತ್ತಾ ನಿಂತಿದ್ದ, ಕಣ್ಣಿಂದ ನೀರು ಇಳಿದು ಗಡ್ಡ ನೆನೆಯುತ್ತಿತ್ತು. ನಿಲ್ಲಿಸಬೇಡ ಕಣೇ, ಇನ್ನೂ ಬೈ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದ.

ಅವಳು ತಟ್ಟನೆ ನಿಲ್ಲಿಸಿದಳು. ಮುಖ ಬದಲಾಯಿತು. ಕೈ ಮಡಿಲಿಗೆ ಹೋಯಿತು.

ಮಹದೇವುವಿಗೆ ಗೊತ್ತಾಯಿತು, ಬಾಗಿಲಲ್ಲಿದ್ದ ಇಬ್ಬರಿಗೂ ಗೊತ್ತಾಯಿತು. ತಿಳಿವು ಬಂದ ಕಾಲುವೆಯಲ್ಲೇ ಇದೂ ಬಂದಿತ್ತು. ಅವನು ಮುಂದೆ ಹೋಗಿ ಅಡ್ಡ ನಿಲ್ಲಬೇಕೆಂದುಕೊಂಡ. ಅವಳು ಕೈಯೆತ್ತಿ ತಡೆದಳು. ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಬಿಂದು," ಎಂದಳು ಕೊನೆಗೆ. "ಒಂದು ಸೀರೆ ಕೊಡವ್ವ. ಇದು ನೆಂದೋಗದೆ."

ಬಿಂದುಶ್ರೀ ಏನೂ ಆಗದವಳ ಹಾಗೆ, "ಹಸಿರುದ್ದು ಕೊಡ್ಲಾ, ನೀಲಿದ್ದು ಕೊಡ್ಲಾ ಅತ್ತೆ?" ಎಂದಳು.

"ಯಾವ್ದಾದ್ರೂ ಕೊಡು. ಮಗೀನ ಕೆನ್ನೆ ಹೆಂಗದೆ? ನಾನೇ ಉಜ್ಜಿದ್ದಂತೆ?"

"ಮಾಯ್ತಾ ಬಂತು ಅತ್ತೆ."

ರಾಜೇಶ ಬ್ರಷ್ಷು ಹಿಡಿದುಕೊಂಡೇ ಹಿತ್ತಲಿಗೆ ಹೋದ. ಬಾಯಿ ಮುಕ್ಕಳಿಸಿದ ಸದ್ದು ಕೇಳಿತು, ಆಮೇಲೆ ಫೋನಿನಲ್ಲಿ ಅವನ ಧ್ವನಿ: "ಆ ಜಾಗ ಬೇರೆಯವರಿಗೆ ಕೊಡಿ ಸಾರ್. ಇಲ್ಲ ಸಾರ್, ಈಗ ಬರಲ್ಲ ನಮ್ಮಮ್ಮ." ಅವನು ಈಗ ಎಂದದ್ದು ಮಹದೇವುವಿಗೆ ಕೇಳಿಸಿತು. ಈಗ ಎಂಬುದೇ ಸಾಕಾಗಿತ್ತು.

ಸೀರೆ ಬದಲಾಯಿಸಿಕೊಂಡು ಬಂದವಳು ಆರಿದ ಕಾಫಿಯನ್ನೇ ಕುಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಒಪ್ಪಿಸ್ಬೇಕು ನೀವು," ಎಂದಳು.

"ಹೋಗ್ತೀನಿ."

"ಒಬ್ರೇ ಹೋದ್ರೆ ಒಪ್ಪಲ್ಲ ಮಾದಪ್ಪ. ಆಣೆ ಹಾಕ್ಸಿದ್ದು ನಾನಲ್ವಾ? ನಂದೂ ಅದೆ ತಪ್ಪು." ಲೋಟ ಕೆಳಗಿಟ್ಟು ಕಿಟಕಿಯಾಚೆ ನೋಡಿದಳು. "ಅಷ್ಟು ದೂರ ಎಂಗ್ ಬರ್ಲಿ ನಾನು? ಗಳಿಗೆಗೊಂದ್ ಸಲ ಬಸ್ ನಿಲ್ಸಿ ಅಂದ್ರೆ ಡ್ರೈವರ್ ಬಯ್ಯಲ್ವಾ?"

"ಬಯ್ಯಲಿ," ಎಂದ ಮಹದೇವು. "ಎಲ್ಲೆಲ್ಲಿ ಬೇಕೋ ಅಲ್ಲಲ್ಲೇ ನಿಲ್ಸೋಣ."